ಗೊರಕೆ, ನಿಲ್ಲುವ ಉಸಿರು ಮತ್ತು ಹೃದಯ: ಚಿಕಿತ್ಸೆಯಿಂದ ಸಿಗುವುದೆಷ್ಟು?

2025ರ ಜೂನ್ ಮತ್ತು ಜುಲೈ ತಿಂಗಳುಗಳನ್ನು ಹಾಸನ ಜಿಲ್ಲೆಯವರು ಬೇಗ ಮರೆಯಲಾರರು. ಸುಮಾರು 40 ದಿನಗಳಲ್ಲಿ ಜಿಲ್ಲೆಯ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಪತ್ರಿಕೆ, ಟಿವಿ, ಮೊಬೈಲುಗಳಲ್ಲಿ ಹರಿದಾಡಿತು. ಮೃತರಲ್ಲಿ ಚಿಕ್ಕ ವಯಸ್ಸಿನವರಿದ್ದರು, ಆಟೊ ಮತ್ತು ಕಾರು ಚಾಲಕರಿದ್ದರು. ಅರಸೀಕೆರೆ, ಬೇಲೂರು, ಹಳೇಬೀಡಿನ ಮನೆಗಳಲ್ಲೂ ಮಸೀದಿ ಅಂಗಳಗಳಲ್ಲೂ ಅದೇ ಮಾತು. ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಸರಕಾರವು ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ರಚಿಸಿತು. 24 ಸಾವುಗಳನ್ನು ಪರಿಶೀಲಿಸಿದ ಸಮಿತಿಗೆ ಅಸಹಜವಾದ ಏರಿಕೆಯೇನೂ ಕಾಣಲಿಲ್ಲ. ಅದು ಬೆರಳು ತೋರಿಸಿದ್ದು ನಮಗೆಲ್ಲ ಗೊತ್ತಿರುವ ಕಾರಣಗಳ ಕಡೆಗೇ: ತಂಬಾಕು, ಮದ್ಯ, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಬೊಜ್ಜು.

ಆ ದಿನಗಳ ಭಯ ಈಗ ಇಳಿದಿದೆ. ಆದರೆ ಭಯದಿಂದ ಪರೀಕ್ಷೆಗೆ ಹೋದವರು ಒಂದು ವಿಷಯವನ್ನು ಗಮನಿಸಿರಬಹುದು. ಇಸಿಜಿ ತೆಗೆಯುವುದು ಹಗಲಿನಲ್ಲಿ, ಅದೂ ಕೆಲವೇ ಸೆಕೆಂಡುಗಳ ದಾಖಲೆ. ಎಕೋ ಆಗಲಿ, ಬಿಪಿ ನೋಡುವುದಾಗಲಿ ಎಚ್ಚರವಿದ್ದಾಗಲೇ. ನಮ್ಮ ಆಯುಸ್ಸಿನ ಮೂರನೆಯ ಒಂದು ಭಾಗ ನಿದ್ದೆಯಲ್ಲಿ ಕಳೆಯುತ್ತದೆ. ಆ ಹೊತ್ತಿನಲ್ಲಿ ಹೃದಯ ಹೇಗಿರುತ್ತದೆ ಎಂದು ಕೇಳುವವರು ಕಡಿಮೆ. ಜೋರಾಗಿ ಗೊರಕೆ ಹೊಡೆಯುವ ಅನೇಕರ ಹೃದಯಕ್ಕೆ ರಾತ್ರಿಯೇ ಹೆಚ್ಚು ಕಷ್ಟದ ಸಮಯ. ಇದಕ್ಕೆ ವೈದ್ಯರು ಸ್ಲೀಪ್ ಆಪ್ನಿಯಾ ಎನ್ನುತ್ತಾರೆ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ. ಹಾಸನದ ಆ ಸಾವುಗಳಿಗೆ ಇದೇ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ರಕ್ತದೊತ್ತಡ, ಬೊಜ್ಜು, ಸಕ್ಕರೆ ಕಾಯಿಲೆ ಇರುವ ಮನೆಗಳಲ್ಲಿ ಈ ತೊಂದರೆಯೂ ಜೊತೆಗಿರುವುದು ಬಹಳ ಸಾಮಾನ್ಯ. ಇದಕ್ಕೆ ಚಿಕಿತ್ಸೆಯೂ ಇದೆ. ಆ ಚಿಕಿತ್ಸೆಯಿಂದ ಹೃದಯಕ್ಕೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದೇ ಈ ಲೇಖನದ ವಿಷಯ.

ರಾತ್ರಿ ನಡೆಯುವುದೇನು?

ನಿದ್ದೆ ಬಂದಾಗ ನಾಲಿಗೆ ಮತ್ತು ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕುತ್ತಿಗೆ ದಪ್ಪವಿರುವವರಲ್ಲಿ, ದವಡೆ ಚಿಕ್ಕದಿರುವವರಲ್ಲಿ, ಅಂಗಾತ ಮಲಗುವವರಲ್ಲಿ ಗಾಳಿಯ ದಾರಿ ಕಿರಿದಾಗುತ್ತದೆ. ಆ ಕಿರಿದಾದ ದಾರಿಯಲ್ಲಿ ಗಾಳಿ ಹೋಗುವ ಸದ್ದೇ ಗೊರಕೆ. ದಾರಿ ಪೂರ್ತಿ ಮುಚ್ಚಿದಾಗ ಗೊರಕೆ ನಿಲ್ಲುತ್ತದೆ, ಉಸಿರೂ ನಿಲ್ಲುತ್ತದೆ. ಪಕ್ಕದಲ್ಲಿ ಮಲಗಿದವರು ಸದ್ದು ನಿಂತಿತೆಂದು ನೆಮ್ಮದಿಪಡುವ ಹೊತ್ತೇ ನಿಜವಾದ ಅಪಾಯದ ಹೊತ್ತು. ಎದೆ ಮತ್ತು ಹೊಟ್ಟೆ ಏದುತ್ತಿರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. 10 ಸೆಕೆಂಡು, 20 ಸೆಕೆಂಡು, ಕೆಲವರಲ್ಲಿ ಒಂದು ನಿಮಿಷದವರೆಗೂ ಹೀಗಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಕೊನೆಗೆ ಮೆದುಳು ಬೆಚ್ಚಿ ದೇಹವನ್ನು ಅರೆ ಎಚ್ಚರಕ್ಕೆ ತರುತ್ತದೆ. ಒಂದು ದೊಡ್ಡ ಏದುಸಿರಿನೊಂದಿಗೆ ದಾರಿ ತೆರೆದು, ಮತ್ತೆ ಗೊರಕೆ ಶುರುವಾಗುತ್ತದೆ. ಮಲಗಿದವರಿಗೆ ಬೆಳಿಗ್ಗೆ ಇದರ ನೆನಪೇ ಇರುವುದಿಲ್ಲ.

ಗಂಟೆಗೆ 5ಕ್ಕಿಂತ ಕಡಿಮೆ ಸಲ ಹೀಗಾದರೆ ವೈದ್ಯರು ಚಿಂತಿಸುವುದಿಲ್ಲ. 5ರಿಂದ 15 ಆದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ ಎಂದು ಲೆಕ್ಕ. ತೀವ್ರ ತೊಂದರೆ ಇರುವವರು ಏಳು ಗಂಟೆ ಮಲಗಿದರೆ, ಒಂದೇ ರಾತ್ರಿಯಲ್ಲಿ 200ಕ್ಕೂ ಹೆಚ್ಚು ಸಲ ಉಸಿರು ಕಟ್ಟಿಕೊಂಡು ಎಚ್ಚರಗೊಂಡಂತಾಯಿತು.

ಪ್ರತಿ ಸಲವೂ ಹೃದಯದ ಮೇಲೆ ಮೂರು ಹೊರೆ ಬೀಳುತ್ತದೆ. ಮೊದಲನೆಯದು, ಆಮ್ಲಜನಕದ ಕೊರತೆ. ಎರಡನೆಯದು, ಬೆಚ್ಚಿಬಿದ್ದಾಗ ಬಿಡುಗಡೆಯಾಗುವ ಅಡ್ರಿನಲಿನ್‌ನಂಥ ರಸಗಳು. ಅವುಗಳಿಂದ ಬಡಿತ ಓಡುತ್ತದೆ, ರಕ್ತದೊತ್ತಡ ಜಿಗಿಯುತ್ತದೆ. ಮೂರನೆಯದು, ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆಯುವಾಗ ಎದೆಯೊಳಗೆ ಉಂಟಾಗುವ ಸೆಳೆತ. ಅದು ಹೃದಯದ ಮೇಲಿನ ಕೋಣೆಗಳನ್ನು ಹಿಗ್ಗಿಸುತ್ತದೆ. ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತು ರಕ್ತದೊತ್ತಡ ಹಗಲಿಗಿಂತ 10ರಿಂದ 20 ಶೇಕಡಾ ಇಳಿಯುತ್ತದೆ. ಹೃದಯಕ್ಕೂ ರಕ್ತನಾಳಗಳಿಗೂ ಅದೇ ವಿಶ್ರಾಂತಿ. ಆಪ್ನಿಯಾ ಇರುವವರಲ್ಲಿ ಅನೇಕರಿಗೆ ಈ ಇಳಿತವೇ ಇರುವುದಿಲ್ಲ. ವರ್ಷಗಟ್ಟಲೆ ಹೀಗೇ ನಡೆದರೆ ಹಗಲಿನ ಬಿಪಿಯೂ ಏರುತ್ತದೆ, ಎರಡು ಮೂರು ಮಾತ್ರೆಗೂ ಜಗ್ಗುವುದಿಲ್ಲ. ಹಿಗ್ಗಿದ ಕೋಣೆಗಳಲ್ಲಿ ಬಡಿತದ ಲಯ ತಪ್ಪುತ್ತದೆ, ಅದರಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ನೆನಪಿಡುವಂಥದ್ದು. ಮೊದಲೇ ನಿದ್ರೆಯ ಪರೀಕ್ಷೆ ಆಗಿದ್ದು, ನಂತರ ಹೃದಯದ ಕಾರಣದಿಂದ ಹಠಾತ್ತನೆ ತೀರಿಕೊಂಡ 112 ಜನರ ಸಾವಿನ ಹೊತ್ತನ್ನು ಅವರು ನೋಡಿದರು. ಆಪ್ನಿಯಾ ಇಲ್ಲದವರಲ್ಲಿ ಮಧ್ಯರಾತ್ರಿಯಿಂದ ಬೆಳಿಗ್ಗೆ 6ರೊಳಗೆ ಸತ್ತವರು 21 ಶೇಕಡಾ. ಆಪ್ನಿಯಾ ಇದ್ದವರಲ್ಲಿ ಅದು 46 ಶೇಕಡಾ. ರಾತ್ರಿಯ ನಿದ್ದೆ ಹೃದಯವನ್ನು ಕಾಪಾಡಬೇಕಾಗಿದ್ದ ಹೊತ್ತಿನಲ್ಲೇ ಇವರ ಹೃದಯ ಸೋತಿತ್ತು.

ನಮ್ಮಲ್ಲಿ ಇದು ಎಷ್ಟಿದೆ?

ಭಾರತದಲ್ಲಿ ನಡೆದ ಹಲವು ಸಮೀಕ್ಷೆಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ಸಂಸ್ಥೆಯ ವೈದ್ಯರು 2023ರಲ್ಲಿ ಒಂದು ಲೆಕ್ಕ ಕೊಟ್ಟರು. ವಯಸ್ಕರಲ್ಲಿ ಸುಮಾರು 11 ಶೇಕಡಾ ಜನರಿಗೆ ಈ ತೊಂದರೆ ಇದೆ. ಗಂಡಸರಲ್ಲಿ 13, ಹೆಂಗಸರಲ್ಲಿ 5 ಶೇಕಡಾ. ದುಡಿಯುವ ವಯಸ್ಸಿನವರಲ್ಲೇ 10 ಕೋಟಿಗೂ ಮೇಲೆ. 2022ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ 69ನೇ ವಯಸ್ಸಿನಲ್ಲಿ ತೀರಿಕೊಂಡ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿಯವರ ಕಾಯಿಲೆಯನ್ನು ವೈದ್ಯರು ಹೇಳಿದಾಗ ದೇಶದಲ್ಲಿ ಅನೇಕರು ಈ ಹೆಸರನ್ನು ಮೊದಲ ಸಲ ಕೇಳಿದರು.

ನಮ್ಮ ಊರುಗಳಲ್ಲಿ ಇದು ಬೇರೆ ರೂಪಗಳಲ್ಲಿ ಕಾಣುತ್ತದೆ. ರಮಝಾನಿನ ಕೊನೆಯ ಹತ್ತು ದಿನ ಮಸೀದಿಯಲ್ಲಿ ಇಅತಿಕಾಫ್ ಕೂತವರಿಗೆ ಯಾರ ಗೊರಕೆ ಹೇಗೆಂದು ಗೊತ್ತಿರುತ್ತದೆ. ಅದು ತಮಾಷೆಯ ಮಾತಾಗಿ ಮುಗಿಯುತ್ತದೆ. ಎಂಟು ಗಂಟೆ ಮಲಗಿಯೂ ಫಜ್ರ್‌ಗೆ ಏಳುವಾಗ ತಲೆ ಭಾರ, ಬಾಯಿ ಒಣಗಿರುವುದು, ಖುತ್ಬಾ ಕೇಳುತ್ತ ಕೂತಲ್ಲೇ ತೂಕಡಿಕೆ, ಅಂಗಡಿಯ ಗಲ್ಲಾದ ಮುಂದೆ ಕಣ್ಣು ಮುಚ್ಚುವುದು, ಇವನ್ನು ಸೋಮಾರಿತನವೆಂದೋ ವಯಸ್ಸೆಂದೋ ತಳ್ಳಿಬಿಡುತ್ತೇವೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದನ್ನು ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಹಾಕುತ್ತೇವೆ. ಹೃದಯದ ಕೋಣೆ ಹಿಗ್ಗಿದಾಗ ಹೊರಡುವ ಒಂದು ರಸವು ಮೂತ್ರವನ್ನು ಹೆಚ್ಚಿಸುತ್ತದೆ. ಆದ್ದರಿಂದ ಅದೂ ಆಪ್ನಿಯಾದ ಗುರುತಾಗಿರಬಹುದು.

ಹೆಂಗಸರ ವಿಷಯ ಇನ್ನೂ ಹಿಂದೆ ಉಳಿಯುತ್ತದೆ. ಮುಟ್ಟು ನಿಂತ ನಂತರ ಅವರಲ್ಲಿ ಈ ತೊಂದರೆ ಹೆಚ್ಚುತ್ತದೆ. ಅವರಲ್ಲಿ ದೊಡ್ಡ ಗೊರಕೆಗಿಂತ ಸುಸ್ತು, ಬೆಳಗಿನ ತಲೆನೋವು, ನಿದ್ದೆ ಬಾರದಿರುವುದು, ಮನಸ್ಸು ಕುಗ್ಗುವುದು ಮುಂದಾಗಿ ಕಾಣಬಹುದು. ಗಂಡನ ಗೊರಕೆಯನ್ನು ಹೆಂಡತಿ ವೈದ್ಯರಿಗೆ ಹೇಳುತ್ತಾಳೆ. ಹೆಂಡತಿಯದನ್ನು ಹೇಳುವವರು ಯಾರು? ಮನೆಯ ಗಂಡಸರು ಇದನ್ನು ಯೋಚಿಸಬೇಕು.

ಮನೆಯಲ್ಲೇ ಕೇಳಿಕೊಳ್ಳಬಹುದಾದ ಎಂಟು ಪ್ರಶ್ನೆಗಳು

ವೈದ್ಯರು ಜಗತ್ತಿನೆಲ್ಲೆಡೆ ಬಳಸುವ ಎಂಟು ಪ್ರಶ್ನೆಗಳಿವೆ. ಬಾಗಿಲು ಮುಚ್ಚಿದರೂ ಹೊರಗೆ ಕೇಳುವಷ್ಟು ಗೊರಕೆ ಇದೆಯೇ? ಹಗಲಿನಲ್ಲಿ ಸುಸ್ತು, ತೂಕಡಿಕೆ ಇದೆಯೇ? ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ? ಬಿಪಿ ಇದೆಯೇ, ಅದಕ್ಕೆ ಮಾತ್ರೆ ನಡೆಯುತ್ತಿದೆಯೇ? ಬೊಜ್ಜು ಬಹಳವಿದೆಯೇ? ವಯಸ್ಸು 50 ದಾಟಿದೆಯೇ? ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರ್‌ಗಿಂತ, ಅಂದರೆ ಸುಮಾರು 16 ಇಂಚಿಗಿಂತ ಹೆಚ್ಚಿದೆಯೇ? ಗಂಡಸೇ? ಮೂರಕ್ಕೆ ಹೌದೆಂಬ ಉತ್ತರ ಬಂದರೆ ವೈದ್ಯರ ಬಳಿ ಮಾತು ತೆಗೆಯಬೇಕು. ಐದಾದರೆ ಪರೀಕ್ಷೆಯನ್ನು ಮುಂದೂಡಬಾರದು. ಕುತ್ತಿಗೆ ಅಳೆಯಲು ದರ್ಜಿಯ ಟೇಪು ಸಾಕು.

ಉಸಿರು ನಿಲ್ಲುವುದನ್ನು ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರಿಸಿ ತೋರಿಸಿದರೆ ವೈದ್ಯರಿಗೆ ಬಹಳ ಸಹಾಯ. ಖಚಿತಪಡಿಸುವುದು ನಿದ್ರೆಯ ಪರೀಕ್ಷೆ. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿ ಮಾಡಿಸಬಹುದು. ಅನೇಕರಿಗೆ ಚಿಕ್ಕ ಉಪಕರಣ ಕಟ್ಟಿಕೊಂಡು ಮನೆಯಲ್ಲೇ ಮಲಗಿದರೂ ಆಗುತ್ತದೆ. ಅರಸೀಕೆರೆ, ಬೇಲೂರಿನವರು ತಾಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ಅವರ ಚೀಟಿಯೊಂದಿಗೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಶ್ವಾಸಕೋಶ ವಿಭಾಗ ಅಥವಾ ಕಿವಿ ಮೂಗು ಗಂಟಲು ವಿಭಾಗದಲ್ಲಿ ವಿಚಾರಿಸಿದರೆ ಮುಂದಿನ ದಾರಿ ತಿಳಿಯುತ್ತದೆ.

ಚಿಕಿತ್ಸೆ ಹೃದಯಕ್ಕೆ ಏನು ಮಾಡುತ್ತದೆ?

ಮುಖ್ಯ ಚಿಕಿತ್ಸೆ ಸಿಪ್ಯಾಪ್ ಎಂಬ ಯಂತ್ರ. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಇದನ್ನು ಮೊದಲು ಪ್ರಕಟಿಸಿದರು. ಇದು ಆಮ್ಲಜನಕದ ಸಿಲಿಂಡರ್ ಅಲ್ಲ. ಕೋಣೆಯ ಗಾಳಿಯನ್ನೇ ಒಂದಿಷ್ಟು ಒತ್ತಡದಲ್ಲಿ ಮೂಗಿನ ಮಾಸ್ಕಿನ ಮೂಲಕ ಕಳಿಸುತ್ತದೆ. ಆ ಒತ್ತಡ ಗಂಟಲು ಮುಚ್ಚದಂತೆ ತಡೆಯುತ್ತದೆ. ಹಾಕಿದ ಮೊದಲ ರಾತ್ರಿಯೇ ಹೆಚ್ಚಿನವರಲ್ಲಿ ಗೊರಕೆ ನಿಲ್ಲುತ್ತದೆ, ಆಮ್ಲಜನಕ ಇಳಿಯುವುದು ನಿಲ್ಲುತ್ತದೆ, ಬಡಿತ ಶಾಂತವಾಗುತ್ತದೆ. ಹಗಲಿನ ತೂಕಡಿಕೆ ಕಡಿಮೆಯಾಗುತ್ತದೆ. ರಾತ್ರಿ ಲಾರಿ, ಟ್ಯಾಕ್ಸಿ ಓಡಿಸುವವರಿಗೆ ಇದೊಂದೇ ಲಾಭವೂ ಜೀವ ಉಳಿಸುವಷ್ಟು ದೊಡ್ಡದು.

ರಕ್ತದೊತ್ತಡದ ಮೇಲಿನ ಪರಿಣಾಮ ಖಚಿತ, ಆದರೆ ಚಿಕ್ಕದು. ಸರಾಸರಿ 2ರಿಂದ 3 ಪಾಯಿಂಟ್ ಇಳಿಯುತ್ತದೆ. ಹಲವು ಮಾತ್ರೆಗೂ ಜಗ್ಗದ ಬಿಪಿ ಇರುವವರಲ್ಲಿ, ಯಂತ್ರವನ್ನು ಹೆಚ್ಚು ಹೊತ್ತು ಹಾಕುವವರಲ್ಲಿ ಲಾಭ ಹೆಚ್ಚು. ರಾತ್ರಿ ಕಳೆದುಹೋಗಿದ್ದ ಇಳಿತವೂ ಕೆಲವರಲ್ಲಿ ಮರಳುತ್ತದೆ. ಆದರೆ ಬಿಪಿ ಮಾತ್ರೆಯ ಜಾಗವನ್ನು ಯಂತ್ರ ತುಂಬುವುದಿಲ್ಲ. ಮಾತ್ರೆ ಕಡಿಮೆ ಮಾಡುವ ತೀರ್ಮಾನ ವೈದ್ಯರದೇ.

ಹೃದಯಾಘಾತ ತಪ್ಪುತ್ತದೆಯೇ? ಇಲ್ಲಿ ಉತ್ತರ ಅಷ್ಟು ಸರಳವಲ್ಲ. 2016ರಲ್ಲಿ ಪ್ರಕಟವಾದ ಸೇವ್ ಎಂಬ ದೊಡ್ಡ ಅಧ್ಯಯನ ಭಾರತವೂ ಸೇರಿ 7 ದೇಶಗಳಲ್ಲಿ ನಡೆಯಿತು. ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆಯೊಂದಿಗೆ ಆಪ್ನಿಯಾವೂ ಇದ್ದ 2,717 ಜನರಲ್ಲಿ ಅರ್ಧದಷ್ಟು ಮಂದಿಗೆ ಯಂತ್ರ ಕೊಟ್ಟರು. ಸುಮಾರು ಮೂರೂಮುಕ್ಕಾಲು ವರ್ಷ ಕಾದು ನೋಡಿದಾಗ ಹೃದಯಾಘಾತ, ಪಾರ್ಶ್ವವಾಯು, ಸಾವು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಸಮನಾಗಿದ್ದವು. ಗೊರಕೆ, ತೂಕಡಿಕೆ, ಮನಸ್ಸಿನ ಸ್ಥಿತಿ ಸುಧಾರಿಸಿದರೂ ಹೃದಯದ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿ ಯಂತ್ರದಿಂದ ಪ್ರಯೋಜನವಿಲ್ಲ ಎಂದವರೂ ಇದ್ದಾರೆ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇತ್ತು. ಯಂತ್ರ ಪಡೆದವರು ಅದನ್ನು ಹಾಕಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಉಳಿದ ಅರ್ಧ ರಾತ್ರಿ ಗಂಟಲು ಹಿಂದಿನಂತೆಯೇ ಮುಚ್ಚುತ್ತಿತ್ತು. ಅರ್ಧ ಮಾತ್ರೆ ನುಂಗಿ ಔಷಧ ಕೆಲಸ ಮಾಡಲಿಲ್ಲ ಎಂದಂತಾಯಿತು. 2023ರಲ್ಲಿ ಇಂಥ ಮೂರು ಅಧ್ಯಯನಗಳ 4,186 ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದರು. ಎಲ್ಲರನ್ನೂ ಸೇರಿಸಿದಾಗ ಲಾಭ ಶೂನ್ಯವೇ. ರಾತ್ರಿಗೆ 4 ಗಂಟೆ ಅಥವಾ ಹೆಚ್ಚು ಹಾಕಿದವರನ್ನು ಲೆಕ್ಕ ಹಾಕಿದಾಗ ಹೃದಯಾಘಾತ, ಪಾರ್ಶ್ವವಾಯುವಿನಂಥ ಅಪಾಯ ಮತ್ತೆ ಬರುವುದು 31 ಶೇಕಡಾ ಕಡಿಮೆಯಾಗಿತ್ತು. ಯಂತ್ರವನ್ನು ಶಿಸ್ತಿನಿಂದ ಹಾಕುವವರು ಮಾತ್ರೆ, ಊಟ, ನಡಿಗೆಯಲ್ಲೂ ಶಿಸ್ತಿನವರಾಗಿರಬಹುದು, ಆದ್ದರಿಂದ ಪೂರ್ತಿ ಲಾಭ ಯಂತ್ರದ್ದೇ ಎನ್ನಲಾಗದು. ಹಾಗಿದ್ದರೂ ಒಂದು ಮಾತು ಸ್ಪಷ್ಟ. ಮಂಚದ ಪಕ್ಕದಲ್ಲಿರುವ ಯಂತ್ರ ಹೃದಯಕ್ಕೆ ಏನನ್ನೂ ಮಾಡುವುದಿಲ್ಲ. ಮುಖದ ಮೇಲಿರುವ ಗಂಟೆಗಳಷ್ಟೇ ಲೆಕ್ಕಕ್ಕೆ ಬರುತ್ತವೆ.

2025ರಲ್ಲಿ ಅದೇ ಮಾಹಿತಿಯನ್ನು ಮತ್ತೆ ಶೋಧಿಸಿದಾಗ ಇನ್ನೊಂದು ಸುಳಿವು ಸಿಕ್ಕಿತು. ಉಸಿರು ನಿಂತಾಗ ಆಮ್ಲಜನಕ ತುಂಬ ಇಳಿಯುವವರಲ್ಲಿ, ಬಡಿತ ತುಂಬ ಜಿಗಿಯುವವರಲ್ಲಿ ಯಂತ್ರದಿಂದ ಹೃದಯಕ್ಕೆ ರಕ್ಷಣೆ ಕಂಡಿತು. ಹಾಗಿಲ್ಲದವರಲ್ಲಿ ಕಾಣಲಿಲ್ಲ. ಆದ್ದರಿಂದ ವರದಿ ಕೈಗೆ ಬಂದಾಗ ಗಂಟೆಗೆ ಎಷ್ಟು ಸಲ ಎಂಬುದನ್ನಷ್ಟೇ ನೋಡದೆ, ಆಮ್ಲಜನಕ ಎಷ್ಟರವರೆಗೆ ಇಳಿಯಿತು, ಎಷ್ಟು ಹೊತ್ತು ಕೆಳಗಿತ್ತು ಎಂದೂ ವೈದ್ಯರನ್ನು ಕೇಳಬೇಕು. ಹೃದಯದ ಲಯ ತಪ್ಪುವ ಕಾಯಿಲೆಯಲ್ಲಿ ಯಂತ್ರದ ಲಾಭ ಇನ್ನೂ ಖಚಿತವಾಗಿಲ್ಲ, ಆದರೂ ಆ ಕಾಯಿಲೆಗೆ ಚಿಕಿತ್ಸೆ ಪಡೆಯುವವರು ನಿದ್ದೆಯ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಎರವಲು ಯಂತ್ರ ಬೇಡ

ಈ ಯಂತ್ರಗಳ ಬೆಲೆ ಹತ್ತಾರು ಸಾವಿರ ರೂಪಾಯಿ. ಹಾಗಾಗಿ ಗಲ್ಫ್‌ನಿಂದ ಸಂಬಂಧಿಕರು ತಂದದ್ದು, ತೀರಿಕೊಂಡವರ ಮನೆಯಲ್ಲಿ ಉಳಿದದ್ದು ಕೈಯಿಂದ ಕೈಗೆ ಹೋಗುವುದುಂಟು. ಪ್ರೀತಿಯಿಂದ ಕೊಟ್ಟದ್ದಾದರೂ ವೈದ್ಯರನ್ನು ಕೇಳದೆ ಹಾಕಿಕೊಳ್ಳಬಾರದು. ಒತ್ತಡದ ಅಳತೆ ಒಬ್ಬೊಬ್ಬರಿಗೆ ಒಂದೊಂದು. ಅದಕ್ಕಿಂತ ದೊಡ್ಡ ಕಾರಣವೂ ಇದೆ. ಆಪ್ನಿಯಾದಲ್ಲಿ ಇನ್ನೊಂದು ಬಗೆಯಿದೆ: ಗಂಟಲು ಮುಚ್ಚಿರುವುದಿಲ್ಲ, ಉಸಿರಾಡು ಎಂಬ ಆಜ್ಞೆಯೇ ಮೆದುಳಿನಿಂದ ಬರುವುದಿಲ್ಲ. ಹೃದಯ ದುರ್ಬಲವಾದವರಲ್ಲಿ ಇದು ಹೆಚ್ಚು. ಅಂಥ 1,325 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಎಸ್‌ವಿ ಎಂಬ ಬೇರೊಂದು ಬಗೆಯ ಉಸಿರಾಟದ ಯಂತ್ರ ಹಾಕಿದವರಲ್ಲಿ ಹೃದಯದ ಕಾರಣದ ಸಾವು ಕಡಿಮೆಯಾಗುವ ಬದಲು ಹೆಚ್ಚಾಯಿತು. ಹೊರಗಿನಿಂದ ನೋಡಿದರೆ ಎರಡೂ ಯಂತ್ರ ಒಂದೇ ಥರ ಕಾಣುತ್ತವೆ. ಎಕೋ ವರದಿಯಲ್ಲಿ ಹೃದಯದ ಪಂಪಿಂಗ್ ಕಡಿಮೆ ಎಂದಿರುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಹಳೆಯ ಯಂತ್ರಗಳ ಇನ್ನೊಂದು ತೊಂದರೆಯೂ ನೆನಪಿರಲಿ: ಒಳಗಿನ ಫೋಮ್ ಪುಡಿಯಾಗುತ್ತದೆಂಬ ಕಾರಣಕ್ಕೆ 2021ರಲ್ಲಿ ಫಿಲಿಪ್ಸ್ ಕಂಪನಿ ಲಕ್ಷಾಂತರ ಯಂತ್ರಗಳನ್ನು ವಾಪಸು ಕರೆಯಿತು.

ಗಂಟೆಗಳನ್ನು ಹೆಚ್ಚಿಸುವುದು ಹೇಗೆ?

ಯಂತ್ರ ತಂದು ತಿಂಗಳಲ್ಲೇ ಮೂಲೆಗೆ ಇಡುವವರು ಬಹಳ. ಕಾರಣಗಳು ಹೆಚ್ಚಾಗಿ ಚಿಕ್ಕವು. ಮಾಸ್ಕ್ ಸರಿಹೊಂದದಿರುವುದು ಮೊದಲನೆಯದು. ಗಡ್ಡ ಇರುವವರಿಗೆ ಬಾಯಿ ಮೂಗು ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ ಗಾಳಿ ಸೋರುತ್ತದೆ. ಅದಕ್ಕಾಗಿ ಗಡ್ಡ ತೆಗೆಯಬೇಕಾಗಿಲ್ಲ, ಯಂತ್ರವನ್ನೂ ಬಿಡಬೇಕಾಗಿಲ್ಲ. ಮೂಗಿನ ಹೊಳ್ಳೆಗಳಿಗೆ ಮಾತ್ರ ಕೂರುವ ಚಿಕ್ಕ ಮಾಸ್ಕ್ ಕೇಳಿ ಪಡೆಯಬಹುದು. ಮೂಗು ಕಟ್ಟಿದ್ದರೆ ಮೊದಲು ಅದಕ್ಕೆ ಔಷಧ ಮಾಡಿಸಬೇಕು. ಗಂಟಲು ಒಣಗಿದರೆ ತೇವದ ನೀರಿನ ಡಬ್ಬಿ ಇರುವ ಯಂತ್ರ ಉತ್ತಮ. ಅದಕ್ಕೆ ಡಿಸ್ಟಿಲ್ಡ್ ನೀರು ಹಾಕಬೇಕು, ದಿನವೂ ಬದಲಿಸಬೇಕು. ಕರೆಂಟು ಹೋಗುವ ಹಳ್ಳಿಗಳಲ್ಲಿ ಯುಪಿಎಸ್‌ಗೆ ಜೋಡಿಸಬಹುದು. ಮೊದಲ ವಾರ ಸಂಜೆ ಎಚ್ಚರವಿರುವಾಗಲೇ ಅರ್ಧ ಗಂಟೆ ಹಾಕಿ ಕೂತು ಅಭ್ಯಾಸ ಮಾಡಿಕೊಂಡರೆ ರಾತ್ರಿ ಸುಲಭ.

ರಾತ್ರಿಯ ಹಿಂಬದಿಯಲ್ಲಿ, ಕನಸು ಬೀಳುವ ನಿದ್ದೆ ಹೆಚ್ಚಿರುವ ಹೊತ್ತಿನಲ್ಲಿ ಸ್ನಾಯುಗಳು ಇನ್ನೂ ಸಡಿಲವಾಗುತ್ತವೆ. ಉಸಿರು ನಿಲ್ಲುವುದು ಆಗ ಹೆಚ್ಚು ದೀರ್ಘ. ಎರಡು ಗಂಟೆಗೆ ಮಾಸ್ಕ್ ತೆಗೆದಿಟ್ಟವರಿಗೆ ಆ ಕಷ್ಟದ ಹೊತ್ತೇ ರಕ್ಷಣೆಯಿಲ್ಲದೆ ಕಳೆಯುತ್ತದೆ. ತಹಜ್ಜುದ್‌ಗೆ ಎದ್ದವರು ಮತ್ತೆ ಮಲಗುವಾಗ, ಫಜ್ರ್ ನಂತರ ಸ್ವಲ್ಪ ಹೊತ್ತು ಒರಗುವಾಗ, ಮಧ್ಯಾಹ್ನದ ಕೈಲೂಲಾದಲ್ಲೂ ಮಾಸ್ಕ್ ಹಾಕಬೇಕು. ರಮಝಾನಿನಲ್ಲಿ ತರಾವೀಹ್ ಮತ್ತು ಸಹರಿಯ ನಡುವೆ ನಿದ್ದೆ ತುಂಡು ತುಂಡಾಗುತ್ತದೆ. ಪ್ರತಿ ತುಂಡಿಗೂ ಇದೇ ನಿಯಮ. ಉಪವಾಸದ ಹಗಲಿನಲ್ಲಿ ಯಂತ್ರ ಅಥವಾ ನೀರಿನ ಡಬ್ಬಿ ಬಳಸುವ ಬಗ್ಗೆ ಸಂಶಯವಿದ್ದರೆ ಉಲಮಾಗಳನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಸಂಶಯದ ಹೆಸರಿನಲ್ಲಿ ಯಂತ್ರವನ್ನು ಇಡೀ ತಿಂಗಳು ಕಟ್ಟಿಡಬೇಡಿ.

ಯಂತ್ರವೊಂದೇ ದಾರಿಯಲ್ಲ

ತೂಕ ಇಳಿಸುವುದು ಮೂಲಕ್ಕೇ ಚಿಕಿತ್ಸೆ. 10 ಶೇಕಡಾ ತೂಕ ಇಳಿದರೆ ಉಸಿರು ನಿಲ್ಲುವ ಸಂಖ್ಯೆ ಸುಮಾರು 26 ಶೇಕಡಾ ಕಡಿಮೆಯಾಗುತ್ತದೆಂದು ಅಮೆರಿಕದಲ್ಲಿ ನಡೆದ ಒಂದು ದೀರ್ಘ ಅಧ್ಯಯನ 2000ದಲ್ಲಿ ತೋರಿಸಿತು. 90 ಕಿಲೋ ಇರುವವರಿಗೆ ಅದು 9 ಕಿಲೋ. ಬಿಪಿ, ಸಕ್ಕರೆಗೂ ಇದರಿಂದ ನೇರ ಲಾಭ. ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಬೊಜ್ಜು ಮತ್ತು ಆಪ್ನಿಯಾ ಎರಡೂ ಇರುವವರಿಗೆ ಕೊಡಲು ಅಮೆರಿಕದ ಔಷಧ ಇಲಾಖೆ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ದುಬಾರಿ, ವೈದ್ಯರ ನಿಗಾ ಬೇಕೇ ಬೇಕು. ಸೌಮ್ಯ ತೊಂದರೆಯವರಿಗೆ ಮಗ್ಗುಲಾಗಿ ಮಲಗುವುದು, ರಾತ್ರಿಯೂಟವನ್ನು ಬೇಗ ಮುಗಿಸುವುದು, ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನ ಸಾಕಾಗಬಹುದು. ವೈದ್ಯರು ಹೇಳದ ನಿದ್ದೆ ಮಾತ್ರೆ ನುಂಗಬಾರದು, ಕೆಲವು ಮಾತ್ರೆಗಳು ಗಂಟಲನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ಮಕ್ಕಳು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರೆ ಟಾನ್ಸಿಲ್ ತೋರಿಸಬೇಕು. ಬೀಡಿ, ಸಿಗರೇಟು, ಗುಟ್ಕಾ ಬಿಡದೆ ಯಂತ್ರ ಮಾತ್ರ ಹಾಕಿದರೆ ಹೃದಯಕ್ಕೆ ಸಿಗುವುದು ಅಲ್ಪ.

ಕೊನೆಯದಾಗಿ ಒಂದು ಎಚ್ಚರಿಕೆ. ರಾತ್ರಿ ಎದೆ ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು, ಬೆವರು ಬಂದರೆ ಅದನ್ನು ಗ್ಯಾಸ್ ಎಂದುಕೊಂಡು ಬೆಳಗಿನವರೆಗೆ ಕಾಯಬಾರದು. 108ಕ್ಕೆ ಕರೆ ಮಾಡಿ ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವದಂಥ ಕೇಂದ್ರಗಳ ತಜ್ಞರ ಸಲಹೆಯಂತೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ನಮ್ಮ ಶರೀರಕ್ಕೂ ನಮ್ಮ ಮೇಲೆ ಹಕ್ಕಿದೆ ಎಂಬ ಪಾಠವನ್ನು ಮಿಂಬರಿನಿಂದ ಕೇಳುತ್ತಲೇ ಬಂದಿದ್ದೇವೆ. ಆ ಹಕ್ಕು ಇಶಾ ನಂತರ ಮುಗಿಯುವುದಿಲ್ಲ. ಈ ವಾರ ಮನೆಯಲ್ಲಿ ಒಬ್ಬರು ಇನ್ನೊಬ್ಬರ ನಿದ್ದೆಯನ್ನು ಹತ್ತು ನಿಮಿಷ ಗಮನಿಸಿ ನೋಡೋಣ. ಗೊರಕೆಯ ನಡುವೆ ಉಸಿರು ನಿಂತದ್ದು ಕಂಡರೆ ನಗದೆ, ಮುಂದೂಡದೆ ವೈದ್ಯರಿಗೆ ಹೇಳೋಣ. ಯಂತ್ರ ಈಗಾಗಲೇ ಮನೆಯಲ್ಲಿದ್ದು ಮೂಲೆ ಸೇರಿದ್ದರೆ, ಅದನ್ನು ಒರೆಸಿ ತೆಗೆದು ಮಾಸ್ಕ್ ಸರಿಪಡಿಸಿಕೊಂಡು ಇಂದಿನ ರಾತ್ರಿಯಿಂದಲೇ ಮತ್ತೆ ಹಾಕಿಕೊಳ್ಳೋಣ.